ಸಸಿ ಎಣಿಸ್ತೀರಿ ಸರಿ, ಇರುವೆ ಎಣಿಸೋರು ಯಾರು?

ಜೂನ್ ತಿಂಗಳು ಬಂತು ಅಂದ್ರೆ ಸಾಕು, ಪೇಪರಿನ ಜಿಲ್ಲಾ ಪುಟದ ತುಂಬ ಒಂದೇ ಥರದ ಫೋಟೋ. ಗೇಣುದ್ದದ ಒಂದು ಸಸಿ, ಅದನ್ನ ಹಿಡಿಯೋಕೆ ಹದಿನಾಲ್ಕು ಕೈ, ಪಕ್ಕದಲ್ಲಿ ಪ್ಲಾಸ್ಟಿಕ್ ಕೊಡ ಹಿಡ್ಕೊಂಡು ನಿಂತ ಒಬ್ಬ, ಎಲ್ಲರ ಮುಖವೂ ಕ್ಯಾಮೆರಾ ಕಡೆ. ಕೆಳಗೆ "ಇಷ್ಟು ಸಾವಿರ ಸಸಿ ನೆಡುವ ಗುರಿ" ಅಂತ ಒಂದು ಅಂಕಿ. ಇದನ್ನ ಗೇಲಿ ಮಾಡೋಕೆ ನಾನು ಕೂತಿಲ್ಲ. ಸಸಿ ನೆಡೋದು ಒಳ್ಳೇದೇ. ರಸ್ತೆ ಬದಿ, ಶಾಲೆ ಅಂಗಳ, ಹೊಲದ ಬದು, ಎಲ್ಲಿ ನೆಟ್ಟರೂ ನೆರಳಂತೂ ಬರುತ್ತೆ.

ನನ್ನ ತಕರಾರು ಇರೋದು ಆ ಅಂಕಿಯ ಬಗ್ಗೆ. ಘಟ್ಟದಲ್ಲಿ ಅಣೆಕಟ್ಟೋ, ರೈಲು ದಾರಿಯೋ, ಕರೆಂಟಿನ ಲೈನೋ ಬರುತ್ತೆ ಅಂದಾಗ ನಡೆಯೋ ಚರ್ಚೆ ಕೇಳಿ. "ಎಷ್ಟು ಮರ ಹೋಗ್ತವೆ?" ಅಂತ ಒಬ್ಬರು. "ಇಷ್ಟು ಸಾವಿರ. ಅದರ ಹತ್ತು ಪಟ್ಟು ಸಸಿ ಬೇರೆ ಕಡೆ ನೆಡ್ತೀವಿ ಬಿಡಿ" ಅಂತ ಇನ್ನೊಬ್ಬರು. ಅಲ್ಲಿಗೆ ಲೆಕ್ಕ ಚುಕ್ತಾ. ಹುಬ್ಬಳ್ಳಿ-ಅಂಕೋಲಾ ರೈಲು ತಗೊಳ್ಳಿ, ಶರಾವತಿ ಪಂಪ್ಡ್ ಸ್ಟೋರೇಜ್ ತಗೊಳ್ಳಿ, ಬೇಕು ಅನ್ನೋರೂ ಮರ ಎಣಿಸ್ತಾರೆ, ಬೇಡ ಅನ್ನೋರೂ ಮರಾನೇ ಎಣಿಸ್ತಾರೆ. ಕಾಡು ಅಂದ್ರೆ ಮರಗಳ ಮೊತ್ತ ಅಂತ ಎರಡೂ ಕಡೆಯವರು ಒಳಗೊಳಗೇ ಒಪ್ಪಂದ ಮಾಡ್ಕೊಂಡ ಹಾಗಿದೆ.

ನನ್ನ ಪ್ರಶ್ನೆ ಸಣ್ಣದು, ಅಕ್ಷರಶಃ ಸಣ್ಣದು. ಆ ಕಾಡಿನ ಇರುವೆಗಳನ್ನ ಎಣಿಸಿದೋರು ಯಾರು? ಹೊಸ ಜಾಗಕ್ಕೆ ಹತ್ತು ಪಟ್ಟು ಇರುವೆ ತಂದು ಬಿಡೋರು ಯಾರು?

ನಗಬೇಡಿ :) ಈ ಮಾತು ಹೇಳಿದಾಗ ಊರಲ್ಲಿ ನಮ್ಮ ಕಾಕಾನೂ ನಕ್ಕಿದ್ದ. "ಏ ತಮ್ಮಾ, ಬರಿಯಾಕ ಬ್ಯಾರೆ ಏನೂ ಸಿಗಲಿಲ್ಲೇನು ನಿನಗ? ಇರಿವಿ ಮ್ಯಾಲ ಬರಿಯಾಂವ ಆದಿ!" ಅಂದ. ಇನ್ನೂ ಒಂದು ಮಾತು ಸೇರಿಸಿದ: "ನಮ್ಮ ಎರಿ ಹೊಲಕ್ಕೂ ಆ ಮಲೆನಾಡ ಅಡವಿಗೂ ಏನ್ ಸಂಬಂಧೋ?"

ಕೇಳಬೇಕಾದ ಪ್ರಶ್ನೆಯೇ. ನಮ್ಮದು ಕುಪ್ಪೇಲೂರು, ರಾಣೇಬೆನ್ನೂರು ತಾಲ್ಲೂಕು. ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ಸೀಮೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ನಮ್ಮ ಪಾಲಿಗೆ ಅದರ ಹತ್ತನೇ ಒಂದು ಭಾಗ ಸಿಕ್ಕರೆ ಅದೇ ದೊಡ್ಡದು. ಮಳೆಕಾಡಿನ ಉಸಾಬರಿ ನಮಗ್ಯಾಕೆ ಅಂತ ಅನ್ನಿಸೋದು ಸಹಜ. ಆದರೆ ನಮ್ಮ ತಾಲ್ಲೂಕಿನ ಅಂಚಿಗೆ ಹರಿಯೋ ತುಂಗಭದ್ರೆಯ ನೀರು ಎಲ್ಲಿಂದ ಬಂತು? ತುಂಗೆ, ಭದ್ರೆ ಎರಡೂ ಹುಟ್ಟೋದು ಕುದುರೆಮುಖದ ಹತ್ತಿರದ ಗಂಗಾಮೂಲದಲ್ಲಿ, ನಿತ್ಯಹರಿದ್ವರ್ಣದ ಕಾಡು ಮತ್ತು ಹುಲ್ಲುಬೆಟ್ಟದ ನಡುವೆ. ಕುಮುದ್ವತಿ ಬರೋದು ಹೊಸನಗರದ ಕಡೆಯಿಂದ. ಗಾಜನೂರಿನಿಂದ ಹೊರಡೋ ತುಂಗಾ ಮೇಲ್ದಂಡೆ ಕಾಲುವೆ ನಮ್ಮ ಜಿಲ್ಲೆಗೂ ಬಂದಿದೆ. ಅಲ್ಲಿ ಮಳೆಗಾಲದಲ್ಲಿ ನೆಲ ಕುಡಿದಿಟ್ಟುಕೊಂಡ ನೀರನ್ನ ನಾವು ಇಲ್ಲಿ ಬಯಲಲ್ಲಿ ಕುಡೀತೀವಿ. ಹಾಗಾದ್ರೆ ಆ ನೆಲವನ್ನ ನೀರು ಕುಡಿಯೋ ಹಾಗೆ ಸಡಿಲ ಮಾಡಿ ಇಟ್ಟಿರೋರು ಯಾರು ಅಂತ ಒಮ್ಮೆ ನೋಡೋದ್ರಲ್ಲಿ ತಪ್ಪೇನಿಲ್ಲ ಅಲ್ವಾ?

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಗೆದ್ದಲು ಇರುವೆ ಅಲ್ಲ. 'ಬಿಳಿ ಇರುವೆ' ಅನ್ನೋದು ಬರೀ ಹೆಸರು. ಗೆದ್ದಲು ಜಿರಲೆಯ ಬಳಗ, ಇರುವೆ ಕಣಜ ಮತ್ತು ಜೇನಿನ ಬಳಗ. ಪಂಚಮಿಗೆ ನಾವು ಹಾಲೆರೆಯೋ ಹುತ್ತ ಕಟ್ಟಿದ್ದು ಗೆದ್ದಲು. ಗೆದ್ದಲನ್ನ ಬೇಟೆಯಾಡೋದು ಇರುವೆ. ಹೊಲದ ಬದುವಿನಲ್ಲಿ ಮಳೆ ಬಿದ್ದ ಮೇಲೆ ಒಂದರ ಹಿಂದೊಂದು ಸಾಲಾಗಿ ಹೊರಡೋ ಕರಿ ಇರುವೆಗಳನ್ನ ನೋಡಿರ್ತೀರಿ, ವಾಪಸ್ ಬರುವಾಗ ಬಾಯಲ್ಲಿ ಗೆದ್ದಲು ಕಚ್ಚಿಕೊಂಡಿರ್ತವೆ. ಆ ಸಾಲು ಯಾಕೆ ಕವಲೊಡೆಯುತ್ತೆ, ಯಾವ ಲೆಕ್ಕದಲ್ಲಿ ಕವಲೊಡೆಯುತ್ತೆ ಅಂತ 1991ರಲ್ಲಿ ವಿಜ್ಞಾನ ಪ್ರಬಂಧ ಬರೆದವರಲ್ಲಿ ಒಬ್ಬರು ಯಾರು ಗೊತ್ತಾ? ನಾವೆಲ್ಲ ರಾತ್ರಿ ನಿದ್ದೆಗೆಟ್ಟು ಓದೋ ಕಾದಂಬರಿಗಳ ಕೆ.ಎನ್. ಗಣೇಶಯ್ಯನವರು! ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಅವರು ವಿಜ್ಞಾನಿಯಾಗಿದ್ದರು.

ಈಗ ಅಂಕಿಗೆ ಅಂಕಿ. ಸಸಿ ಲೆಕ್ಕ ಹೇಳೋರಿಗೆ ನಾವೂ ಲೆಕ್ಕ ಹೇಳೋಣ. ಭೂಮಿ ಮೇಲೆ ಎಷ್ಟು ಇರುವೆ ಇವೆ ಅಂತ ಜಗತ್ತಿನ ನೂರಾರು ಅಧ್ಯಯನಗಳನ್ನ ಒಟ್ಟು ಹಾಕಿ 2022ರಲ್ಲಿ ಒಂದು ಅಂದಾಜು ಮಾಡಿದ್ರು. ಸುಮಾರು ಇಪ್ಪತ್ತು ಸಾವಿರ ಲಕ್ಷ ಕೋಟಿ. ಅಂದ್ರೆ ನಿಮಗೆ, ನನಗೆ, ಕಾಕಾಗೆ ತಲಾ 25 ಲಕ್ಷ ಇರುವೆ. ಇವುಗಳ ಮೈಯಲ್ಲಿರೋ ಇಂಗಾಲ ತೂಗಿದರೆ ಸುಮಾರು 1.2 ಕೋಟಿ ಟನ್, ಜಗತ್ತಿನ ಕಾಡುಹಕ್ಕಿ ಮತ್ತು ಕಾಡಿನ ಸಸ್ತನಿಗಳನ್ನೆಲ್ಲ ಸೇರಿಸಿ ತೂಗಿದರೂ ಅದಕ್ಕಿಂತ ಕಮ್ಮಿ. "ಆನೆಗೆ ಮಣ, ಇರುವೆಗೆ ಕಣ" ಅಂತ ಗಾದೆ ಹೇಳ್ತೀವಲ್ಲ, ಕಣ ಕಣ ಸೇರಿಸಿದ್ರೆ ಇರುವೆಯ ತಕ್ಕಡಿಯೇ ಕೆಳಗೆ ಬರುತ್ತೆ.

ಇದರಲ್ಲಿ ಮಳೆಕಾಡಿನ ಪಾಲು ದೊಡ್ಡದು. ಪೆರು ದೇಶದ ಅಮೆಜಾನ್ ಕಾಡಿನಲ್ಲಿ ಒಂದೇ ಒಂದು ಮರದ ಮೇಲೆ 43 ಜಾತಿಯ ಇರುವೆ ಸಿಕ್ಕಿದ್ದನ್ನ ಎಡ್ವರ್ಡ್ ವಿಲ್ಸನ್ 1987ರಲ್ಲಿ ಬರೆದ್ರು. ಇಡೀ ಬ್ರಿಟನ್ ದ್ವೀಪಗಳಲ್ಲಿರೋ ಇರುವೆ ಜಾತಿಗಳೂ ಹತ್ತಿರ ಹತ್ತಿರ ಅಷ್ಟೇ. ನಮ್ಮ ದೇಶದ ಲೆಕ್ಕ ಬೇಕಂದ್ರೆ, 2016ರ ಪಟ್ಟಿಯಲ್ಲಿ ಜಾತಿ-ಉಪಜಾತಿ ಸೇರಿ 828 ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಆಯ್ದ ಕೆಲವು ಜಾಗಗಳಲ್ಲಷ್ಟೇ ಹುಡುಕಿ 140 ಜಾತಿ ಪಟ್ಟಿ ಮಾಡಿದ್ದು 1993ರಲ್ಲಿ ಪ್ರಕಟ ಆಯ್ತು. ನಮಗೆ ಗೊತ್ತಿರೋದು ಕಟ್ಟಿರುವೆ, ಗೊದ್ದ, ಕೆಂಜಿಗ, ಚಗಳಿ... ಬೆರಳೆಣಿಕೆ.

ಇಷ್ಟೊಂದು ಇದ್ದು ಮಾಡೋದೇನು ಅನ್ನೋದು ಮುಂದಿನ ಪ್ರಶ್ನೆ. ಇದಕ್ಕೆ ಒಳ್ಳೇ ಉತ್ತರ ಸಿಕ್ಕಿದ್ದು ಬೋರ್ನಿಯೋದ ಮಲಿಯಾವ್ ಕಣಿವೆಯ ಮಳೆಕಾಡಿನಲ್ಲಿ. 2018ರಲ್ಲಿ ಪ್ರಕಟವಾದ ಪ್ರಯೋಗ ಅದು. ಕಾಡಿನ ಕೆಲವು ತುಂಡುಗಳಲ್ಲಿ ಇರುವೆಗಳನ್ನ ಮದ್ದಿಟ್ಟು ಕಮ್ಮಿ ಮಾಡಿದ್ರು, ಕೆಲವು ತುಂಡುಗಳನ್ನ ಹಾಗೇ ಬಿಟ್ರು. ನೆಲದ ಮೇಲೆ ಬೀಜ, ಸತ್ತ ಹುಳ, ಸಿಹಿ ಎಲ್ಲ ಇಟ್ಟು ಯಾರು ಎಷ್ಟು ಹೊತ್ಕೊಂಡು ಹೋಗ್ತಾರೆ ಅಂತ ನೋಡಿದ್ರು. ನೆಲದಿಂದ ಎತ್ತಿ ಒಯ್ದದ್ದರಲ್ಲಿ ಇರುವೆಗಳ ಪಾಲೇ 52%! ಇಲಿ, ಹಕ್ಕಿ, ಬೇರೆ ಹುಳ ಎಲ್ಲ ಸೇರಿ ಮಿಕ್ಕಿದ್ದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಇರುವೆ ಕಮ್ಮಿ ಆದ ಜಾಗದಲ್ಲಿ ಆ ಕೆಲಸವನ್ನ ಬೇರೆ ಯಾವ ಪ್ರಾಣಿಯೂ ಮೈಮೇಲೆ ಹಾಕ್ಕೊಂಡು ಮಾಡಲಿಲ್ಲ. ಕೆಲಸ ಹಾಗೇ ಬಾಕಿ ಬಿತ್ತು.

ನಮ್ಮೂರ ಸಂತೆ ಮುಗಿದ ಮೇಲೆ ಗುಡಿಸೋರು ಒಂದು ವಾರ ಬರದೇ ಹೋದರೆ ಏನಾಗುತ್ತೆ ನೆನೆಸ್ಕೊಳ್ಳಿ. ಕಾಡಿನಲ್ಲಿ ಇನ್ನೂ ಒಂದು ವ್ಯತ್ಯಾಸ ಇದೆ. ಇರುವೆ ಗುಡಿಸಿ ಹೊರಗೆ ಎಸೆಯೋದಿಲ್ಲ, ನೆಲದೊಳಗೆ ಒಯ್ಯುತ್ತೆ. ಚದುರಿ ಬಿದ್ದ ಸಾರ ಗೂಡಿನಲ್ಲಿ ಒಟ್ಟಾಗುತ್ತೆ, ಅಲ್ಲೇ ಕೊಳೆತು ಗೊಬ್ಬರ ಆಗುತ್ತೆ, ಬೇರು ಅದನ್ನ ಹುಡುಕ್ಕೊಂಡು ಬರುತ್ತೆ. ಜೋರು ಮಳೆಯ ಕಾಡಿನಲ್ಲಿ ಸಾರ ಮೇಲೆ ಬಿದ್ದಿದ್ರೆ ಒಂದೇ ಮಳೆಗೆ ಕೊಚ್ಚಿಕೊಂಡು ಹೊಳೆ ಸೇರುತ್ತೆ. ಅದನ್ನ ಹಿಡಿದು ಒಳಗೆ ಹಾಕೋದು ಎಂಥ ಕೆಲಸ ಯೋಚನೆ ಮಾಡಿ.

ಬೀಜದ ವಿಷಯ ಬಂತಲ್ಲ, ನಮ್ಮ ಹೊಲದ ಒಂದು ಉದಾಹರಣೆ ಕೊಡ್ತೀನಿ. ಔಡಲ ಬೀಜ ನೋಡಿದೀರಲ್ಲ, ಅದರ ಒಂದು ತುದಿಗೆ ಬೆಳ್ಳಗೆ ಸಣ್ಣ ಗಂಟಿನ ಥರ ಇರುತ್ತೆ. ಅದು ಇರುವೆಗೆ ಗಿಡ ಕಟ್ಟಿಕೊಟ್ಟ ಬುತ್ತಿ! ಎಣ್ಣೆಯ ಅಂಶ ಇರೋ ಆ ತುಣುಕಿನ ಆಸೆಗೆ ಇರುವೆ ಇಡೀ ಬೀಜವನ್ನ ಗೂಡಿಗೆ ಎಳೆದುಕೊಂಡು ಹೋಗುತ್ತೆ, ತುಣುಕು ತಿಂದು ಬೀಜವನ್ನ ಕಸದ ಗುಡ್ಡೆಗೆ ಎಸೆಯುತ್ತೆ. ಆ ಕಸದ ಗುಡ್ಡೆ ಅಂದ್ರೆ ಗೊಬ್ಬರದ ತಿಪ್ಪೆ. ಬೀಜಕ್ಕೆ ಪುಕ್ಕಟೆ ಗಾಡಿ ಬಾಡಿಗೆ, ಪುಕ್ಕಟೆ ಗೊಬ್ಬರ. ಜಗತ್ತಿನಲ್ಲಿ 11 ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳು ಹೀಗೆ ಬೀಜ ಸಾಗಿಸೋ ಕೆಲಸವನ್ನ ಇರುವೆಗೆ ವಹಿಸಿವೆ. ಮಳೆಕಾಡಿನಲ್ಲಿ ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಸಣ್ಣ ಸಣ್ಣ ಬೀಜಗಳನ್ನೂ ಇರುವೆಗಳು ಎತ್ಕೊಂಡು ಹೋಗ್ತವೆ. ಕೆಲವನ್ನ ತಿಂದುಬಿಡ್ತವೆ, ಕೆಲವು ಉಳಿದು ಮೊಳಕೆ ಒಡೀತವೆ. ಯಾವ ಗಿಡ ಎಲ್ಲಿ ಹುಟ್ಟಬೇಕು ಅನ್ನೋದನ್ನ ಹಕ್ಕಿ ಅರ್ಧ ತೀರ್ಮಾನ ಮಾಡಿದ್ರೆ ಉಳಿದರ್ಧ ಇರುವೆಯದು.

ಇನ್ನು ನಮ್ಮ ಘಟ್ಟದ್ದೇ ಒಂದು ಮರದ ಕಥೆ. ಹಂಬೋಲ್ಟಿಯಾ ಬ್ರುನೋನಿಸ್ ಅಂತ ಅದರ ಶಾಸ್ತ್ರೀಯ ಹೆಸರು. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಬೆಳೆಯೋದಿಲ್ಲ, ದೊಡ್ಡ ಮರಗಳ ನೆರಳಲ್ಲಿ ಇರೋ ಸಣ್ಣ ಮರ. ಇದರ ಕೆಲವು ಮರಗಳಲ್ಲಿ ಕೊಂಬೆಯ ಗೆಣ್ಣು-ಗೆಣ್ಣಿನ ನಡುವಿನ ಭಾಗ ಊದಿಕೊಂಡು ಪೊಳ್ಳಾಗಿ, ತಾನೇ ತಾನಾಗಿ ಒಂದು ಸೀಳು ಬಿಟ್ಟುಕೊಳ್ಳುತ್ತೆ. ಬಾಡಿಗೆಗೆ ಮನೆ ಖಾಲಿ ಇದೆ ಅಂತ ಬೋರ್ಡು ಹಾಕಿದ ಹಾಗೆ! ಎಳೆ ಎಲೆಗಳಲ್ಲಿ ಸಿಹಿ ರಸದ ಊಟೆಗಳೂ ಇವೆ. ವಸತಿ, ಊಟ ಎರಡೂ. ಬದಲಿಗೆ ಇರುವೆ ಎಲೆ ಕಾಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ರೆನೆ ಬೋರ್ಜೆಸ್ ಮತ್ತು ಅವರ ತಂಡ ಇದನ್ನ ವರ್ಷಾನುಗಟ್ಟಲೆ ಬೆನ್ನು ಹತ್ತಿ ನೋಡಿದೆ. ಎಲ್ಲ ಬಾಡಿಗೆದಾರರೂ ಒಳ್ಳೆಯವರಲ್ಲ ಅಂತ ಅವರಿಗೆ ಗೊತ್ತಾಯ್ತು. ಘಟ್ಟದ ದಕ್ಷಿಣದ ಕಡೆ ಒಂದು ಜಾತಿಯ ಇರುವೆ ನಿಯತ್ತಾಗಿ ಕಾಯುತ್ತೆ, ಬೇರೆ ಕಡೆ ಎಷ್ಟೋ ಇರುವೆಗಳು ಉಂಡು ಮಲಗ್ತವೆ ಅಷ್ಟೆ. ಇನ್ನೂ ಮಜಾ ಏನಂದ್ರೆ ಆ ಪೊಳ್ಳಿನಲ್ಲಿ ಎರೆಹುಳವೂ ಇರುತ್ತೆ, ಮರದ ಮೇಲೆ! ಕಾಯದೇ ಇದ್ದರೂ ಬಾಡಿಗೆ ಪೂರ್ತಿ ಮುಳುಗೋದಿಲ್ಲ, ಯಾಕಂದ್ರೆ ಇರುವೆ ಮತ್ತು ಎರೆಹುಳ ಅಲ್ಲಿ ಬಿಟ್ಟ ಕಸದಿಂದ ಮರ ಸಾರಜನಕ ಹೀರಿಕೊಳ್ಳುತ್ತೆ ಅಂತ ಇದೇ ತಂಡ ತೋರಿಸಿದೆ.

ಈಗ ಹೇಳಿ. ಈ ಮರವನ್ನ ಕಡಿದು "ಒಂದು ಮರ" ಅಂತ ರಿಜಿಸ್ಟರಿನಲ್ಲಿ ಬರೆದ್ರೆ ಎಷ್ಟು ಬರೆದ ಹಾಗಾಯ್ತು?

ಮಳೆಗೆ ತಕ್ಕ ಹಾಗೆ ಮನೆ ಕಟ್ಟೋ ಇರುವೆಯೂ ನಮ್ಮಲ್ಲಿದೆ. 1851ರಲ್ಲಿ ಜೆರ್ಡನ್ ವಿವರಿಸಿದ 'ಜಿಗಿಯುವ ಇರುವೆ'. ದೊಡ್ಡ ಕಣ್ಣು, ಉದ್ದ ದವಡೆ, ಬೇಟೆ ಕಂಡ್ರೆ ಛಂಗನೆ ಹಾರುತ್ತೆ. ಇದರ ಗೂಡಿನ ಕೋಣೆಗಳ ಗೋಡೆಗೆ ಹಳೇ ಕೋಶದ ಚೂರುಗಳ ಹಾಳೆ ಅಂಟಿಸಿರುತ್ತೆ, ನೀರು ಇಳಿದರೂ ಕೋಣೆ ಒದ್ದೆ ಆಗದ ಹಾಗೆ ಕಟ್ಟಿರುತ್ತೆ. ಇದನ್ನ 1994ರಲ್ಲಿ ಬರೆದವರಲ್ಲಿ ಕರ್ನಾಟಕದ ಇರುವೆಗಳನ್ನ ಜೀವಮಾನವಿಡೀ ಪಟ್ಟಿ ಮಾಡಿದ ಮುಸ್ತಾಕ್ ಅಲಿಯವರೂ ಇದ್ದರು.

ಮಣ್ಣು, ನೀರಿನ ಮಾತಿಗೆ ಬರೋಣ, ಕಾಕಾನ ಪ್ರಶ್ನೆ ಅಲ್ಲೇ ಇತ್ತು. ಇರುವೆ ಗೂಡು ಅಂದ್ರೆ ನೆಲದೊಳಗಿನ ಕೊಳವೆಗಳ ಜಾಲ. ಮಳೆ ಬಿದ್ದಾಗ ನೀರು ಮೇಲೆ ಹರಿದು ಓಡೋದರ ಬದಲು ಒಳಗೆ ಇಳಿಯುತ್ತೆ. ಇದು ಬರೀ ಮಳೆಕಾಡಿನ ವಿಷಯ ಅಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಒಣ ಸೀಮೆಯ ಗೋಧಿ ಹೊಲದಲ್ಲಿ, ಇರುವೆ ಮತ್ತು ಗೆದ್ದಲು ಇದ್ದ ಜಾಗಕ್ಕೂ ಅವನ್ನ ತೆಗೆದ ಜಾಗಕ್ಕೂ ಹೋಲಿಸಿದ್ರು. ಅವು ಇದ್ದಲ್ಲಿ ಇಳುವರಿ 36% ಹೆಚ್ಚು! ನೀರು ಚೆನ್ನಾಗಿ ಇಂಗಿದ್ದು, ಮಣ್ಣಿನಲ್ಲಿ ಸಾರಜನಕ ಹೆಚ್ಚಿದ್ದು ಕಾರಣ. 2011ರಲ್ಲಿ ಪ್ರಕಟ ಆಯ್ತು. ಇದನ್ನ ಕಾಕಾಗೆ ಹೇಳಿದಾಗ ಮಾತ್ರ ಅಂವ ನಗಲಿಲ್ಲ. "ಹೌದೇನೋ? ಮೂವತ್ತಾರ?" ಅಂತ ಎರಡು ಸಲ ಕೇಳಿದ :)

ಒಣ ಹೊಲದಲ್ಲೇ ಇಷ್ಟು ಅಂದ್ರೆ, ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯೋ ಇಳಿಜಾರಿನಲ್ಲಿ ಮಣ್ಣನ್ನ ಸಡಿಲವಾಗಿ, ತೂತು ತೂತಾಗಿ ಇಡೋ ಕೂಲಿಗಳ ಬೆಲೆ ಏನು? ಇರುವೆಯೊಂದೇ ಹೊಳೆ ಹರಿಸುತ್ತೆ ಅಂತ ನಾನು ಹೇಳ್ತಿಲ್ಲ. ಬೇರು, ಎಲೆಗೊಬ್ಬರ, ಎರೆಹುಳ, ಗೆದ್ದಲು, ಎಲ್ಲರೂ ಸೇರಿ ಮಾಡೋ ಕೆಲಸ ಅದು. ಆದರೆ ಆ ಗುಂಪಿನಲ್ಲಿ ಇರುವೆ ಮುಂದಿನ ಸಾಲಿನಲ್ಲೇ ಇದೆ.

ಊಟದ ಲೆಕ್ಕ ಬೇರೆ. ತೇಜಸ್ವಿಯವರ 'ಕರ್ವಾಲೊ' ಓದದ ಕನ್ನಡ ಬ್ಲಾಗಿಗ ಇರಲಿಕ್ಕಿಲ್ಲ. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ಎಲ್ಲರೂ ಹುಡುಕ್ಕೊಂಡು ಹೊರಡೋ ಹಾರುವ ಓತಿ ಇದೆಯಲ್ಲ, ನಿಜದಲ್ಲಿ ಅದರ ಮುಖ್ಯ ಆಹಾರ ಇರುವೆ. ಮರದ ಕಾಂಡಕ್ಕೆ ಅಂಟ್ಕೊಂಡು ಕೂತು ಮೇಲೆ ಕೆಳಗೆ ಓಡಾಡೋ ಇರುವೆಗಳನ್ನ ಒಂದೊಂದಾಗಿ ನೆಕ್ಕುತ್ತೆ. ಇರುವೆ ಇಲ್ಲದ ಕಾಡಿನಲ್ಲಿ ಕರ್ವಾಲೊ ಎಷ್ಟು ತಿರುಗಿದ್ರೂ ಓತಿ ಸಿಗೋದಿಲ್ಲ! ಚಿಪ್ಪುಹಂದಿ ಬದುಕೋದೇ ಇರುವೆ, ಗೆದ್ದಲಿನ ಮೇಲೆ. ಕರಡಿಗೂ ಅವು ಬೇಕು. ಘಟ್ಟದ ಮರಗಳಲ್ಲಿ ಕಾಗದದ ಉಂಡೆಯ ಹಾಗೆ ಗೂಡು ಕಟ್ಟೋ ಒಂದು ಇರುವೆ ಇದೆ. ಕಂದು ಬಣ್ಣದ ಒಂದು ಮರಕುಟಿಗ ಆ ಇರುವೆಯನ್ನ ತಿನ್ನುತ್ತೆ, ತಾನು ಮೊಟ್ಟೆ ಇಡೋದೂ ಅದೇ ಇರುವೆ ತುಂಬಿದ ಗೂಡನ್ನ ಕೊರೆದು! ಮನೆಮಾಲೀಕರನ್ನೇ ತಿಂದು ಅವರ ಮನೆಯಲ್ಲೇ ಬಾಣಂತನ.

ಮನುಷ್ಯರೂ ಬಿಟ್ಟಿಲ್ಲ. ಮಲೆನಾಡಿನ ಚಗಳಿ ಚಟ್ನಿ ಕೇಳಿರ್ತೀರಿ. (ಕೆಲವು ಕಡೆ ಚಿಗಳಿ ಅಂತಾರೆ. ಪಂಚಮಿಗೆ ಮಾಡೋ ಎಳ್ಳು ಚಿಗಳಿ ಅಲ್ಲ ಮತ್ತೆ!) ಎಲೆಗಳನ್ನ ಮರಿಗಳ ನೂಲಿನಿಂದ ಹೊಲಿದು ಗೂಡು ಮಾಡೋ ಕೆಂಪಿರುವೆ ಅದು. ಒಡಿಶಾದ ಸಿಮಿಲಿಪಾಲದಲ್ಲಿ ಇದೇ ಇರುವೆಯ ಚಟ್ನಿಗೆ 2024ರ ಜನವರಿಯಲ್ಲಿ ಜಿಐ ಮಾನ್ಯತೆ ಸಿಕ್ತು. ಚೀನಾದಲ್ಲಿ ಕಿತ್ತಳೆ ಗಿಡಗಳ ಹುಳ ಕಾಯೋಕೆ ಈ ಇರುವೆ ಗೂಡುಗಳನ್ನ ಸಂತೆಯಲ್ಲಿ ಮಾರ್ತಿದ್ರು ಅಂತ ಕ್ರಿ.ಶ. 304ರ ಒಂದು ಪುಸ್ತಕದಲ್ಲೇ ಇದೆ. ಕೀಟನಾಶಕದ ಅಂಗಡಿ ಇಲ್ಲದ ಕಾಡಿನಲ್ಲಿ ಎಲೆ ತಿನ್ನೋ ಹುಳಗಳನ್ನ ಹದ್ದುಬಸ್ತಿನಲ್ಲಿ ಇಡೋ ಪೊಲೀಸರು ಇವರೇ.

ಇರುವೆ ದೇವತೆ ಅಂತ ನಾನು ಹೇಳ್ತಿಲ್ಲ. ಕಾಫಿ ತೋಟದವರನ್ನ ಕೇಳಿ, ಬೈಗುಳ ಶುರು ಮಾಡ್ತಾರೆ. ಹಿಟ್ಟು ತಿಗಣೆ, ಶಲ್ಕ ಕೀಟಗಳನ್ನ ಇರುವೆಗಳು ದನ ಸಾಕಿದ ಹಾಗೆ ಸಾಕಿ, ಅವುಗಳ ಸಿಹಿ ಹಿಂಡಿ ಕುಡೀತವೆ. ಮಳೆಕಾಡಿನ ಮರಗಳ ತುದಿಯಲ್ಲಿ ಇಷ್ಟೊಂದು ಇರುವೆ ಬದುಕೋಕೆ ಈ ಹೈನುಗಾರಿಕೆ ದೊಡ್ಡ ಕಾರಣ ಅಂತ 2003ರ ಒಂದು ಅಧ್ಯಯನ ಹೇಳುತ್ತೆ. ಕಾಡಿನಲ್ಲಿ ಇದಕ್ಕೆ ನೂರು ಲಗಾಮು ಇರುತ್ತೆ, ಒಂದು ಇರುವೆಯ ಮೇಲೆ ಇನ್ನೊಂದು ಇರುವೆ ಕಾವಲು. ಆ ಲಗಾಮು ಕಿತ್ತರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪಕ್ಕೆ ಹೊರಗಿನಿಂದ ಬಂದ ಹಳದಿ ಹುಚ್ಚಿರುವೆ 1990ರ ದಶಕದ ಕೊನೆಯಲ್ಲಿ ಮಿತಿಮೀರಿ ಬೆಳೆದು ಕೋಟಿಗಟ್ಟಲೆ ಕೆಂಪು ಏಡಿಗಳನ್ನ ಕೊಂದು, ಕಾಡಿನ ರೂಪವನ್ನೇ ಬದಲಿಸಿತು. ಇದೇ ಜಾತಿ 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೆ ಸುತ್ತಲ ಹಳ್ಳಿಗಳಲ್ಲಿ ದನಕರುಗಳನ್ನ, ಬೆಳೆಯನ್ನ ಕಾಡಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಅಂದ್ರೆ ಇರುವೆ ಎಷ್ಟಿವೆ ಅನ್ನೋದರ ಜೊತೆಗೆ ಯಾವ ಯಾವ ಇರುವೆ ಇವೆ ಅನ್ನೋದೂ ಮುಖ್ಯ. ನೂರು ಜಾತಿ ಇದ್ದಲ್ಲಿ ಕಾಡು, ಒಂದೇ ಜಾತಿ ಮೆರೆದಲ್ಲಿ ರೋಗ.

ಇಲ್ಲಿಗೆ ನಾನು ಹೇಳಬೇಕಾದ ಮಾತಿಗೆ ಬಂದೆ. ಒಂದೇ ಜಾತಿ ಮೆರೆಯೋದು ಅಂದ್ರೆ ಏನು ಅಂತ ನಮ್ಮ ಹಾವೇರಿ ಜಿಲ್ಲೆಯವರಿಗೆ ಪಾಠ ಮಾಡಬೇಕಿಲ್ಲ. ನಾವು ನೀಲಗಿರಿ ನೋಡಿದವರು. 1974ರಲ್ಲಿ ಘೋಷಣೆಯಾದ ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಇದೆಯಲ್ಲ, 119 ಚದರ ಕಿಲೋಮೀಟರ್, ಅದರಲ್ಲಿ ಎಷ್ಟೋ ಭಾಗ ನೀಲಗಿರಿ ನೆಡುತೋಪು. ಚಿಗರಿ ಮೇಯೋದು ಹುಲ್ಲು ಬಯಲಲ್ಲಿ, ಎರೆಭೂತ ಹಕ್ಕಿ ಬದುಕ್ತಿದ್ದದ್ದೂ ಹುಲ್ಲು ಬಯಲಲ್ಲೇ. ಆ ಬಯಲನ್ನ 'ಖಾಲಿ ಜಾಗ' ಅಂತ ಅಂದ್ಕೊಂಡು ಮರ ನೆಟ್ಟರು. ಮರದ ಲೆಕ್ಕ ಏರಿತು, ಎರೆಭೂತ ಕಾಣೆಯಾಯಿತು.

ಇದರ ವಿರುದ್ಧ ದನಿ ಎತ್ತಿದ್ದೂ ನಮ್ಮವರೇ. 1980ರ ದಶಕದಲ್ಲಿ ರಾಜ್ಯ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಜಂಟಿ ಕಂಪನಿ ಮಾಡಿ, ಸುಮಾರು 30 ಸಾವಿರ ಹೆಕ್ಟೇರ್ ನೆಲದಲ್ಲಿ ಇಂಥ ನೆಡುತೋಪು ಬೆಳೆಸೋ ಯೋಜನೆ ಹಾಕಿದಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೀತು. ನಮ್ಮ ಕಡೆ ಸಸಿ ನೆಡೋದಕ್ಕೆ 'ಹಚ್ಚೋದು' ಅಂತೀವಿ. ಜನ ನೀಲಗಿರಿ ಸಸಿ ಕಿತ್ತು, ಹಣ್ಣು-ಮೇವು ಕೊಡೋ ಸಸಿ ಹಚ್ಚಿದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮುಂದೆ ನಿಂತಿದ್ದರು, ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರಿತ್ತು. ಕೊನೆಗೆ ಆ ಕಂಪನಿ ಮುಚ್ಚಿತು. 2017ರಲ್ಲಿ ಸರಕಾರವೇ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿತು. ಹಸಿರಾಗಿ ಕಂಡದ್ದೆಲ್ಲ ಅಡವಿ ಅಲ್ಲ ಅಂತ ಕುಸನೂರಿನ ಜನ ಯಾವ ಪ್ರಬಂಧ ಓದದೇ ಅಷ್ಟು ವರ್ಷ ಮೊದಲೇ ಹೇಳಿಬಿಟ್ಟಿದ್ದರು.

ಆದರೆ ಕಾನೂನಿನ ಕಾಗದ ಇನ್ನೂ ಅದೇ ಭಾಷೆ ಮಾತಾಡುತ್ತೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅಡಿ ಕಾಡು ಬಿಟ್ಟುಕೊಟ್ಟರೆ ಪರಿಹಾರವಾಗಿ ಬೇರೆ ಕಡೆ ಅರಣ್ಯೀಕರಣ ಮಾಡಬೇಕು. ಅದರ ಹಣದ ನಿರ್ವಹಣೆಗೆ 2016ರಲ್ಲಿ ಇನ್ನೊಂದು ಕಾಯ್ದೆ ಬಂತು. 2023ರ ತಿದ್ದುಪಡಿಯಲ್ಲಿ ಮೂಲ ಕಾಯ್ದೆಯ ಹೆಸರೇ ಬದಲಾಯಿತು. ಹೆಕ್ಟೇರಿಗೆ ಹೆಕ್ಟೇರ್, ಮರಕ್ಕೆ ಸಸಿ ಅನ್ನೋ ಲೆಕ್ಕ ಮಾತ್ರ ಬದಲಾಗಲಿಲ್ಲ. ಘಟ್ಟದಲ್ಲಿ ಮಳೆಕಾಡು ಕಳೆದು, ಎಲ್ಲೋ ಬಯಲಿನಲ್ಲಿ ಗುಂಡಿ ತೋಡಿ ಸಸಿ ಹಚ್ಚಿದರೆ ಎರಡು ಕಡೆ ನಷ್ಟ. ಅಲ್ಲಿ ಮಳೆಕಾಡಿನ ಇರುವೆ ಹೋಯ್ತು, ಇಲ್ಲಿ ಹುಲ್ಲು ಬಯಲಿನ ಇರುವೆ ಹೋಯ್ತು. ನಮ್ಮ ಬಯಲಿನಲ್ಲೂ ಹುಲ್ಲುಬೀಜ ಕೂಡಿಟ್ಟು ಗೂಡಿನ ಬಾಯಿ ಸುತ್ತ ಹೊಟ್ಟಿನ ಬಳೆ ಮಾಡೋ ಇರುವೆಗಳಿವೆ. ಅವುಗಳ ಸಂಸಾರವೂ ಖಾಲಿ ಜಾಗ ಏನಲ್ಲ.

"ಇರುವೆ ಏನ್ರೀ, ತಾನಾಗೇ ಬರುತ್ತೆ" ಅಂತ ಯಾರಾದರೂ ಅಂದೇ ಅಂತಾರೆ. ಬರುತ್ತೆ, ಸುಳ್ಳಲ್ಲ. ಆದರೆ ಮೊದಲು ಬರೋದು ಎಲ್ಲಿ ಬೇಕಾದರೂ ಬದುಕೋ ಗಟ್ಟಿಗರು, ನಿಮ್ಮ ಅಡುಗೆಮನೆಗೂ ಬರೋರು. ಎಲೆ ಹಾಸಿನ ಕೆಳಗೆ, ಕೊಳೆತ ಕಡ್ಡಿಯ ಒಳಗೆ, ತಂಪು-ಕತ್ತಲಲ್ಲಷ್ಟೇ ಬದುಕೋ ಸಣ್ಣ ಸಣ್ಣ ಜಾತಿಗಳು ಬರೋದು ಕಡೆಗೆ. ಬ್ರೆಜಿಲ್‌ನ ಅಟ್ಲಾಂಟಿಕ್ ಮಳೆಕಾಡಿನಲ್ಲಿ ಮತ್ತೆ ಬೆಳೆದ ಕಾಡುಗಳನ್ನ ನೋಡಿದ 2008ರ ಅಧ್ಯಯನ ಒಂದಿದೆ. ನೆಲದ ಮೇಲಿನ ಇರುವೆಗಳು ಚೇತರಿಸಿಕೊಳ್ಳೋಕೆ ದಶಕಗಳು, ನೆಲದೊಳಗಿನವಕ್ಕೆ ಶತಮಾನಗಳೇ ಬೇಕಾಗಬಹುದು ಅಂತ ಅದರ ಅಂದಾಜು. ಅದೂ ಪಕ್ಕದಲ್ಲೇ ಹಳೇ ಕಾಡು ಉಳಿದಿದ್ದ ಸೀಮೆಯಲ್ಲಿ. ನಮ್ಮ ಪರಿಹಾರ ಅರಣ್ಯದ ಪಕ್ಕ ಏನಿರುತ್ತೆ? ಗೋವಿನಜೋಳ!

ಹಾಗಾದ್ರೆ ಏನು ಮಾಡಬೇಕು ಅಂತ ಕೇಳ್ತೀರಿ. ನನ್ನದು ಮೂರೇ ಮಾತು.

ಒಂದು, ನೆಟ್ಟದ್ದು ಕಾಡಾಯ್ತೋ ಇಲ್ಲವೋ ಅನ್ನೋದನ್ನ ಎಷ್ಟು ಸಸಿ ಬದುಕಿವೆ ಅನ್ನೋದರ ಮೇಲೆ ಮಾತ್ರ ಅಳೀಬೇಡಿ. ಇರುವೆ ಎಣಿಸಿ. ಇದು ತಮಾಷೆ ಅಲ್ಲ. ಆಸ್ಟ್ರೇಲಿಯಾದಲ್ಲಿ ಗಣಿ ತೋಡಿದ ಜಾಗ ಮತ್ತೆ ಕಾಡಾಗ್ತಾ ಇದೆಯೋ ಇಲ್ಲವೋ ಅಂತ ನೋಡೋಕೆ ಜೊನಾಥನ್ ಮೇಜರ್, ಅಲನ್ ಆಂಡರ್ಸನ್ ಅಂಥವರು ದಶಕಗಳಿಂದ ಇರುವೆಗಳನ್ನೇ ಮಾಪಕವಾಗಿ ಬಳಸಿದ್ದಾರೆ. ಖರ್ಚು ಕಮ್ಮಿ, ಇರುವೆ ಸುಳ್ಳು ಹೇಳೋದಿಲ್ಲ, ಉದ್ಘಾಟನೆಯ ದಿನ ನೋಡ್ಕೊಂಡು ಬರೋದೂ ಇಲ್ಲ. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರದ ಹುಡುಗರಿಗೆ ಇದಕ್ಕಿಂತ ಒಳ್ಳೇ ಪ್ರಾಜೆಕ್ಟ್ ಯಾವುದು? ದಕ್ಷಿಣ ಭಾರತದ ಇರುವೆಗಳನ್ನ ಗುರುತಿಸೋಕೆ ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಬರೆದ ಕೈಪಿಡಿ 2006ರಲ್ಲೇ ಬಂದಿದೆ. ಕನ್ನಡದಲ್ಲೂ ಅಂಥದ್ದೊಂದು ಸಚಿತ್ರ ಪುಸ್ತಕ ಎಲ್ಲ ಶಾಲೆಗಳಿಗೆ ತಲುಪಬೇಕು.

ಎರಡು, ಇರೋ ಕಾಡಿನ ನೆಲ ಮುಟ್ಟಬೇಡಿ. ತರಗೆಲೆ ಬಾಚೋದು, ಒಣಕಡ್ಡಿ 'ಸ್ವಚ್ಛ' ಮಾಡೋದು, ಬೆಂಕಿ ಹಾಕೋದು, ಇವೆಲ್ಲ ಇರುವೆಗಳ ಊರಿಗೆ ಬುಲ್ಡೋಜರ್ ಬಿಟ್ಟ ಹಾಗೆ. ಮರ ನಿಂತೇ ಇರುತ್ತೆ, ಫೋಟೋದಲ್ಲಿ ಹಸಿರಾಗೇ ಕಾಣುತ್ತೆ, ಕೆಳಗೆ ಕೆಲಸಗಾರರು ಇರೋದಿಲ್ಲ.

ಮೂರು, ಮತ್ತು ಇದೇ ಮುಖ್ಯ. ಮಳೆಕಾಡಿಗೆ ಬದಲಿ ಇದೆ ಅಂತ ಹೇಳೋದನ್ನ ನಿಲ್ಲಿಸಿ. ಯೋಜನೆ ಬೇಕೇ ಬೇಕು ಅಂದ್ರೆ "ಕಾಡು ಕಳ್ಕೊಳ್ತೀವಿ, ಅದು ವಾಪಸ್ ಬರೋದಿಲ್ಲ" ಅಂತ ನೇರವಾಗಿ ಹೇಳಿ, ಆಮೇಲೆ ಬೇಕೋ ಬೇಡವೋ ಅಂತ ಜನ ತೀರ್ಮಾನ ಮಾಡಲಿ. ಹತ್ತು ಪಟ್ಟು ಸಸಿಯ ಆಸೆ ತೋರಿಸಿ ಬಾಯಿ ಮುಚ್ಚಿಸೋದು ಬೇಡ. ನನಗೂ ಕರೆಂಟು ಬೇಕು, ರೈಲು ಬೇಕು. ಆದರೆ ಅಂಗಡಿಯಲ್ಲಿ ಬೆಲೆ ಚೀಟಿ ನೋಡದೇ ಸಾಮಾನು ತರೋನು ನಾನಲ್ಲ.

ನಿಮಗೊಂದು ಕೆಲಸ ಕೊಡ್ತೀನಿ. ಮುಂದಿನ ಸಲ ಮಲೆನಾಡಿನ ಕಡೆ ಹೋದಾಗ ದಾರಿ ಬದಿಯ ಅಕೇಶಿಯಾ ತೋಪಿನಲ್ಲಿ ಒಂದು ಚಿಟಿಕೆ ಸಕ್ಕರೆ ಹಾಕಿ ಕೂತು ನೋಡಿ. ಆಮೇಲೆ ಪಕ್ಕದ ಹಳೇ ಕಾನಿನ ಅಂಚಿನಲ್ಲೋ ದೇವರಕಾಡಿನ ಅಂಚಿನಲ್ಲೋ ಅಷ್ಟೇ ಸಕ್ಕರೆ ಹಾಕಿ ನೋಡಿ. ಎಷ್ಟು ಬಗೆಯ ಇರುವೆ ಬಂದವು ಅಂತ ಎರಡೂ ಕಡೆ ಎಣಿಸಿ. ಒಂದು ಚಿಟಿಕೆ ಸಕ್ಕರೆ ಪೂರ್ತಿ ಲೆಕ್ಕ ಕೊಡೋದಿಲ್ಲ ನಿಜ, ಆದರೆ ನೋಡೋ ಕಣ್ಣು ಬದಲಾಗುತ್ತೆ. ಇರುವೆಗೆ ಸಕ್ಕರೆ ಹಾಕಿದ್ರೆ ಪುಣ್ಯ ಅಂತ ಅಜ್ಜಿಯಂದಿರು ಹೇಳ್ತಿದ್ರಲ್ಲ, ಅದೂ ಬಂದ ಹಾಗಾಯ್ತು :)

ಹಾಂ, ಇನ್ನೊಂದು. ನಿಮ್ಮ ನಿಮ್ಮ ಸೀಮೆಯಲ್ಲಿ ಇರುವೆಗಳಿಗೆ ಏನೇನು ಹೆಸರಿದೆ ಬರೆದು ತಿಳಿಸಿ. ಕುಂದಾಪುರದವರು, ಕೊಡಗಿನವರು, ಬಳ್ಳಾರಿಯವರು, ಕಾಸರಗೋಡಿನವರು, ಎಲ್ಲರದೂ ಬೇಕು. ಹೆಸರೇ ಗೊತ್ತಿಲ್ಲದ್ದನ್ನ ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಏನಂತೀರಿ?